ಇವರೆಲ್ಲ ನಿಂಗೆ ಏನಾಗ್ಬೇಕು?

ಹೋದ ವರ್ಷ ಬೇಸಿಗೇಲಿ ಅಮ್ಮ ಇಂಗ್ಲೆಂಡಿಗೆ, ನಾನಿರೋ ರೆಡಿಂಗ್‌ಗೆ ಬಂದಿದ್ಲು. ಹೀಥ್ರೂ ಇಂದ ಮನೆಗೆ ಬಂದು ಕೈಕಾಲು ತೊಳ್ಕೊಂಡು, ಕಾಫಿ ಕುಡಿದು, ಹಾಲು ಇಷ್ಟು ಗಟ್ಟಿ ಇದ್ರೂ ಕಾಫಿಗೆ ಯಾಕೆ ರುಚಿ ಇಲ್ಲ ಅಂತ ಎರಡು ಮಾತಾಡಿ, ಆಮೇಲೆ ಸೀದಾ ಹಾಲ್‌ನ ಗೋಡೆ ಹತ್ರ ಹೋಗಿ ನಿಂತ್ಕೊಂಡ್ಲು. ಆಗ ಅಲ್ಲಿ ಆರು ಫ್ರೇಮ್ ಇದ್ವು. ಎಲ್ಲಾ ಕಪ್ಪು ಬಿಳುಪು, ತಾಮ್ರದ ತಗಡು ಕೊರೆದು ಕಾಗದಕ್ಕೆ ಅಚ್ಚೊತ್ತಿದ ಹಳೇ ಮುಖಗಳು. ಕೆಲವರಿಗೆ ಭುಜದವರೆಗೆ ವಿಗ್ಗು, ಕೆಲವರಿಗೆ ಕುತ್ತಿಗೆ ಸುತ್ತ ನೆರಿಗೆ ನೆರಿಗೆಯಾಗಿ ಗಂಜಿ ಹಾಕಿ ನಿಲ್ಲಿಸಿದ ಕಾಲರ್ರು, ಒಬ್ಬನಿಗೆ ಕಬ್ಬಿಣದ ಎದೆಕವಚ. ಕನ್ನಡಕ ಏರಿಸಿ ಇಳಿಸಿ ಒಂದೊಂದನ್ನೂ ನೋಡಿ, ನನ್ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ. "ಇವರೆಲ್ಲ ನಿಂಗೆ ಏನಾಗ್ಬೇಕೋ?"

ನಗು ಬಂತು, ಆದ್ರೆ ಉತ್ತರ ಬರ್ಲಿಲ್ಲ. ಯಾಕಂದ್ರೆ ಅದು ಸರಿಯಾದ ಪ್ರಶ್ನೆ. ಮೈಸೂರಲ್ಲಿ ನಮ್ಮನೆ ಗೋಡೆ ಮೇಲೆ ಯಾರಾದ್ರೂ ಜಾಗ ಗಿಟ್ಟಿಸ್ಬೇಕು ಅಂದ್ರೆ ಒಂದೋ ದೇವರಾಗಿರ್ಬೇಕು, ಇಲ್ಲ ನಮ್ಮವರಾಗಿದ್ದು ತೀರ್ಕೊಂಡಿರ್ಬೇಕು, ಇಲ್ಲ ನಾಲ್ವಡಿ ಕೃಷ್ಣರಾಜ ಒಡೆಯರ್ ಆಗಿರ್ಬೇಕು. ನಾಲ್ಕನೇ ದಾರಿ ಇಲ್ಲ. ತಾತನ ಫೋಟೋಗೆ ಕಟ್ಟು ಹಾಕ್ಸಿ, ಗಂಧದ ಹಾರ ಹಾಕಿ, ಬಾಗಿಲ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿಸಿ ನೇತು ಹಾಕಿದ್ರೆ ಅವರು ನಮ್ಮನ್ನ ನೋಡ್ತಾ ಇದಾರೆ ಅಂತ ಲೆಕ್ಕ. ಅಂಥ ಮನೇಲಿ ಬೆಳೆದೋನು ಇಲ್ಲಿ ಬಂದು, ಮುನ್ನೂರು ವರ್ಷದ ಹಿಂದೆ ಸತ್ತ, ಜಾತಿ ಕುಲ ಊರು ಭಾಷೆ ಯಾವುದ್ರಲ್ಲೂ ಸಂಬಂಧ ಇಲ್ಲದ ಇಂಗ್ಲಿಷ್ ಗಂಡಸರ ಮುಖಗಳನ್ನ ದುಡ್ಡು ಕೊಟ್ಟು ತಂದು ನೇತು ಹಾಕಿದೀನಿ ಅಂದ್ರೆ ಹೆತ್ತೋಳಿಗೆ ಗಾಬರಿ ಆಗ್ದೆ ಇರತ್ತಾ. "ಸುಮ್ನೆ ಕಣಮ್ಮ, ಹಳೇದು" ಅಂದೆ. "ಹಳೇದು ಅಂತ ಕಾಣತ್ತೆ" ಅಂದು ಅಡುಗೆಮನೆಗೆ ಹೋದ್ಲು. ಪ್ರಶ್ನೆ ಮಾತ್ರ ಹಾಲ್‌ನಲ್ಲೇ ಉಳ್ಕೊಂಡು ಬಿಡ್ತು.

ಶುರುವಾಗಿದ್ದು ಕಾರ್ನ್‌ವಾಲಿಸ್‌ನಿಂದ. ಒಂದು ಶನಿವಾರ ಪಕ್ಕದೂರಿನ ಟೌನ್ ಹಾಲ್‌ನಲ್ಲಿ ಹಳೇ ಸಾಮಾನಿನ ಸಂತೆ ಇತ್ತು, ಪಿಂಗಾಣಿ, ಹಿತ್ತಾಳೆ, ಮಿಲಿಟರಿ ಬಟನ್ನು ಇಂಥವು. ಮೂಲೇಲಿ ಒಂದು ರಟ್ಟಿನ ಡಬ್ಬದಲ್ಲಿ ಪ್ಲಾಸ್ಟಿಕ್ ಕವರ್ ಹಾಕಿದ ಪ್ರಿಂಟ್‌ಗಳು, ಯಾವುದು ತಗೊಂಡ್ರೂ 8 ಪೌಂಡ್. ಸುಮ್ನೆ ಬೆರಳಾಡಿಸ್ತಾ ಹೋದೆ. ಹಸ್ತದಷ್ಟು ಕಾಗದದ ಮೇಲೆ ಉಂಡೆ ಮುಖದ, ತೃಪ್ತಿಯಿಂದ ಊಟ ಮಾಡಿ ಎದ್ದೋನ ಥರದ ಒಬ್ಬ ಮನುಷ್ಯ, ಕೆಳಗೆ ಅರ್ಲ್ ಕಾರ್ನ್‌ವಾಲಿಸ್ ಅಂತ ಹೆಸರು. ಕೈ ನಿಂತ್ ಹೋಯ್ತು. ಶ್ರೀರಂಗಪಟ್ಟಣಕ್ಕೆ ಸ್ಕೂಲ್ ಟ್ರಿಪ್ ಹೋದೋರೆಲ್ಲ ಕೇಳಿರೋ ಹೆಸರು, 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆ ಇಟ್ಕೊಂಡೋನು, ಅರ್ಧ ರಾಜ್ಯ ಬರೆಸ್ಕೊಂಡೋನು. ಅವನಿಗೆ ಒಂದು ಮುಖ ಇರ್ಬಹುದು ಅಂತ ನಾನು ಯಾವತ್ತೂ ಯೋಚನೆ ಮಾಡಿರ್ಲಿಲ್ಲ. ಮನೆಗೆ ತಂದು ಭೂತಗನ್ನಡಿ ಇಟ್ಟು ನೋಡಿದ್ರೆ ಗೆರೆಗಳೇ ಇಲ್ಲ, ಬರೀ ಚುಕ್ಕೆ, ಕೆನ್ನೆ ಮೇಲೆ ಯಾರೋ ಸಣ್ಣ ರವೆ ಉದುರಿಸಿದ ಹಾಗೆ. ಅದಕ್ಕೆ ಸ್ಟಿಪಲ್ ಅಂತಾರೆ ಅಂತ ಆಮೇಲೆ ಗೊತ್ತಾಯ್ತು. ಇನ್ನೊಂದೂ ಆಮೇಲೇ ಗೊತ್ತಾಗಿದ್ದು. ಈಟನ್ ಸ್ಕೂಲಲ್ಲಿ ಓದ್ತಿದ್ದಾಗ ಕಾರ್ನ್‌ವಾಲಿಸ್‌ಗೆ ಹಾಕಿ ಆಟದಲ್ಲಿ ಕಣ್ಣಿಗೆ ಏಟು ಬಿದ್ದು ಜೀವನಪೂರ್ತಿ ಸ್ವಲ್ಪ ಮೆಳ್ಳಗಣ್ಣು ಉಳೀತಂತೆ (ಹೊಡೆದ ಹುಡುಗ ಶೂಟ್ ಬ್ಯಾರಿಂಗ್ಟನ್, ಮುಂದೆ ಡರ್ಹಮ್‌ಗೆ ಬಿಷಪ್ ಆದ). ನನ್ ಹತ್ರ ಇರೋ ಪ್ರಿಂಟ್‌ನಲ್ಲಿ ಎರಡೂ ಕಣ್ಣು ನೆಟ್ಟಗೆ, ಸೂಜಿ ಇಟ್ಟ ಹಾಗೆ ಇವೆ. ಕೆತ್ತಿದೋನು ಸರಿ ಮಾಡಿಬಿಟ್ಟಿದಾನೆ. ಮದುವೆ ಮನೆ ಫೋಟೋಗ್ರಾಫರ್ ಮುಖಕ್ಕೆ ಟಚಪ್ ಕೊಟ್ಟ ಹಾಗೆ.

ಅಲ್ಲಿಂದ ಹುಚ್ಚು ಹತ್ಕೊಳ್ತು. ಈ ಹುಚ್ಚು ಹತ್ತಿದೋರಿಗೆ ಮೊದಲು ಬದಲಾಗೋದು ಕಣ್ಣಲ್ಲ, ಬೆರಳು. ತಾಮ್ರದ ತಗಡಿಗೆ ಮಸಿ ತುಂಬಿ, ಒದ್ದೆ ಕಾಗದ ಇಟ್ಟು, ಎರಡು ರೋಲರ್ ಮಧ್ಯ ಒತ್ತಿ ತೆಗೀತಾರಲ್ಲ, ಆ ಒತ್ತಡಕ್ಕೆ ತಗಡಿನ ಅಂಚು ಕಾಗದದಲ್ಲಿ ಒಂದು ಮೆಟ್ಟಿಲ ಹಾಗೆ ಕೂತಿರತ್ತೆ. ಕಣ್ಣು ಮುಚ್ಚಿ ಬೆರಳು ಎಳೆದ್ರೆ ಸಿಗತ್ತೆ. ಬೆಳಕಿಗೆ ಹಿಡಿದ್ರೆ ಹಳೇ ಕೈಕಾಗದದಲ್ಲಿ ಜರಡಿ ತಂತಿಯ ಗೀಟು ಕಾಣ್ಬೇಕು, 1750ರ ದಶಕದ ನಂತರ ಗೀಟಿಲ್ಲದ ನಯ ಕಾಗದ ಬಂತು, ಹಾಗಾಗಿ 1650ರದ್ದು ಅಂತ ಹೇಳಿ ನಯ ಕಾಗದ ತೋರಿಸಿದ್ರೆ ಆ ಅಂಗಡಿಯಿಂದ ಎದ್ದು ಬರ್ಬೇಕು. ನಾನು ಎದ್ದು ಬರ್ಲಿಲ್ಲ ಒಂದ್ಸಲ. ಆನ್‌ಲೈನಲ್ಲಿ ಒಬ್ಬನ ಹತ್ರ 140 ಪೌಂಡ್ ಕೊಟ್ಟು 18ನೇ ಶತಮಾನದ ಮೆಜೊಟಿಂಟ್ ಅಂತ ತರಿಸಿದೆ. ಮೆಜೊಟಿಂಟ್ ಅಂದ್ರೆ ಈ ಕಲೇಲೇ ನಂಗೆ ಅತೀ ಇಷ್ಟವಾದ್ದು. ಹಲ್ಲಿರೋ ಒಂದು ಉಳಿಯನ್ನ ತೊಟ್ಟಿಲು ತೂಗಿದ ಹಾಗೆ ತಗಡಿನ ಮೇಲೆಲ್ಲ ತೂಗಿ ತೂಗಿ ಪೂರ್ತಿ ಒರಟು ಮಾಡ್ತಾರೆ, ಹಾಗೇ ಅಚ್ಚು ತೆಗೆದ್ರೆ ಬರೀ ಕಾಡಿಗೆ ಕಪ್ಪು ಬರತ್ತೆ. ಆಮೇಲೆ ಮೂಗಿನ ತುದಿ, ಹಣೆ, ರೇಷ್ಮೆಯ ಮಡಿಕೆ, ಎಲ್ಲೆಲ್ಲಿ ಬೆಳಕು ಬೇಕೋ ಅಲ್ಲಲ್ಲಿ ಮಾತ್ರ ಹೆರೆದು ಉಜ್ಜಿ ನಯ ಮಾಡ್ತಾ ಬರೋದು. ಕತ್ತಲಿಂದ ಒಬ್ಬ ಮನುಷ್ಯನನ್ನ ಈಚೆ ಎಳೆದ ಹಾಗೆ. ಈ ಕೆಲಸ ಇಂಗ್ಲೆಂಡ್‌ನಲ್ಲಿ ಎಷ್ಟು ಬೆಳೀತು ಅಂದ್ರೆ ಫ್ರೆಂಚರು ಇದಕ್ಕೆ ಇಂಗ್ಲಿಷ್ ಶೈಲಿ ಅಂತಲೇ ಹೆಸರಿಟ್ರು. ಸರಿ, ಪಾರ್ಸೆಲ್ ಬಂತು, ಭೂತಗನ್ನಡಿ ಇಟ್ಟೆ. ಕಾಡಿಗೆಯೂ ಇಲ್ಲ ಏನೂ ಇಲ್ಲ, ಹಳೇ ದಿನಪತ್ರಿಕೆ ಫೋಟೋ ಹತ್ತಿರದಿಂದ ನೋಡಿದಾಗ ಕಾಣತ್ತಲ್ಲ, ಸಾಲು ಸಾಲಾಗಿ ಡ್ರಿಲ್‌ಗೆ ನಿಂತ ಹಾಗೆ ಚುಕ್ಕೆ, ಅದೇ. ಯಾವುದೋ ನೂರು ವರ್ಷದ ಹಿಂದಿನ ಪುಸ್ತಕದಿಂದ ಕಿತ್ತಿದ್ದು. ಮಾರಿದೋನು ಎರಡು ಮೇಲ್‌ಗೆ ಉತ್ತರ ಕೊಟ್ಟು ಮೂರನೇದಕ್ಕೆ ಮಾಯ ಆದ. ಅದನ್ನೂ ಇಟ್ಕೊಂಡಿದೀನಿ, ಫೀಸು ಕಟ್ಟಿದ ರಸೀದಿ ಥರ.

ತಲೆ ಬದಲಾಯಿಸೋ ವಿಚಾರ

ಹಳೇ ಕಾಲದಲ್ಲಿ ಈ ಪ್ರಿಂಟ್‌ಗಳಿಗೆ ಪೋರ್ಟ್ರೇಟ್ ಅಂತ ಕೂಡ ಅಂತಿರ್ಲಿಲ್ಲ, ಬರೀ ಹೆಡ್ಸ್, ತಲೆಗಳು. ಡೈರಿ ಬರೆದ ಸ್ಯಾಮ್ಯುಯೆಲ್ ಪೀಪ್ಸ್ ತಲೆ ಕೂಡಿಸ್ತಿದ್ದ, ಅವನ ಗೆಳೆಯ ಜಾನ್ ಈವ್ಲಿನ್ ಯಾವ ತಲೆ ಕೂಡಿಸ್ಬೇಕು ಅಂತ ಅವನಿಗೆ ಕಾಗದ ಬರೀತಿದ್ದ. ಈ ತಲೆ ಅನ್ನೋ ಮಾತನ್ನ ಅಕ್ಷರಶಃ ತಗೊಂಡ ಒಂದು ತಗಡಿನ ಕತೆ ಹೇಳ್ಲೇಬೇಕು. ಪಿಯೆರ್ ಲೊಂಬಾರ್ ಅನ್ನೋ ಫ್ರೆಂಚ್ ಎನ್‌ಗ್ರೇವರ್, ಅಂದ್ರೆ ತಗಡು ಕೊರೆಯೋನು, 1650ರ ದಶಕದಲ್ಲಿ ಲಂಡನ್‌ನಲ್ಲಿ ಕೆಲಸ ಮಾಡ್ತಿದ್ದ. ಇಂಗ್ಲೆಂಡಿನ ರಾಜ ಮೊದಲನೇ ಚಾರ್ಲ್ಸ್ ಬಿಳಿ ಕುದುರೆ ಏರಿ ಕಮಾನಿನ ಕೆಳಗೆ ಬರ್ತಿರೋ ಹಾಗೆ ವ್ಯಾನ್ ಡೈಕ್ 1633ರಲ್ಲಿ ಬರೆದಿದ್ದ ದೊಡ್ಡ ಚಿತ್ರ ಇದೆಯಲ್ಲ, ಅದೇ ಕುದುರೆ ಅದೇ ಭಂಗಿ ಇಟ್ಕೊಂಡು ತಗಡು ಕೊರೆದ. ಆ ಹೊತ್ತಿಗೆ ಚಾರ್ಲ್ಸ್‌ನ ನಿಜವಾದ ತಲೆ ಹೋಗಿ ವರ್ಷಗಳಾಗಿತ್ತು, 1649ರ ಜನವರಿಯಲ್ಲಿ ಕಡಿದಿದ್ರು. ಈ ಒಂದೇ ತಗಡಿನಿಂದ ತೆಗೆದ ಬೇರೆ ಬೇರೆ ಹಂತದ ಅಚ್ಚುಗಳು ಉಳಿದಿವೆ. ಒಂದ್ರಲ್ಲಿ ಕುದುರೆ ಮೇಲೆ ರಾಜನ ತಲೆ ಹೋದ್ಮೇಲೆ ದೇಶ ಆಳಿದ ಕ್ರಾಮ್‌ವೆಲ್ ಕೂತಿದಾನೆ, ಇನ್ನೊಂದ್ರಲ್ಲಿ ಚಾರ್ಲ್ಸೇ ಕೂತಿದಾನೆ, ಮತ್ತೊಂದ್ರಲ್ಲಿ ಕುದುರೆ ಇದೆ, ಸವಾರ ಇದಾನೆ, ಕುತ್ತಿಗೆ ಮೇಲೆ ಏನೂ ಇಲ್ಲ. ಬರೀ ಬಿಳಿ.

ನಂಗೆ ಇದು ತಮಾಷೆ ಅನ್ಸಿದ್ದಕ್ಕಿಂತ ಜಾಸ್ತಿ ಪರಿಚಯದ್ದು ಅನ್ಸ್ತು. ಕುದುರೆ, ಕವಚ, ಹಿಂದಿನ ಮೋಡ ಇವನ್ನೆಲ್ಲ ಕೊರೆಯೋಕೆ ತಿಂಗಳುಗಟ್ಟಲೆ ಬೇಕು, ತಾಮ್ರ ದುಬಾರಿ, ತಲೆ ಇರೋದು ಹೆಬ್ಬೆರಳಿನಷ್ಟು. ಸರ್ಕಾರ ಬದಲಾದ್ರೆ ಅಷ್ಟು ಜಾಗ ಹೆರೆದು, ಉಜ್ಜಿ, ಪಾತ್ರೆಯ ನೆಗ್ಗು ತೆಗೆಯೋರ ಹಾಗೆ ಹಿಂದಿನಿಂದ ಸುತ್ತಿಗೇಲಿ ತಟ್ಟಿ ಸಮ ಮಾಡಿ, ಹೊಸ ತಲೆ ಕೊರೆದ್ರೆ ಆಯ್ತು. ಎಲೆಕ್ಷನ್ ಟೈಮಲ್ಲಿ ನಮ್ಮ ಫ್ಲೆಕ್ಸ್ ಅಂಗಡಿಗಳಲ್ಲಿ ಮಾಡೋದೂ ಅದೇ ಅಲ್ವಾ. ಕೈ ಮುಗಿದು ನಿಂತ ಬಿಳಿ ಅಂಗಿಯ ಮೈ ಒಂದು ಫೈಲ್‌ನಲ್ಲಿ ರೆಡಿ ಇರತ್ತೆ, ಪಾರ್ಟಿ ನೋಡ್ಕೊಂಡು ಮುಖ ಕೂರಿಸ್ತಾರೆ.

ಕನ್ನಡೀಲಿ ಕಂಡ ಅಕ್ಷರ

ಗೋಡೆ ಮೇಲೆ ನಾನು ಅತಿ ಹೆಚ್ಚು ದುಡ್ಡು ಕೊಟ್ಟು ತಂದಿದ್ದು ಜಾನ್ ಥರ್ಲೋ. ಕ್ರಾಮ್‌ವೆಲ್‌ನ ಕಾರ್ಯದರ್ಶಿ, ಅದಕ್ಕಿಂತ ಮುಖ್ಯವಾಗಿ ಅವನ ಗೂಢಚಾರರ ಯಜಮಾನ, ಅಂಚೆ ಇಲಾಖೆಯೂ ಇವನ ಕೈಲೇ ಇದ್ದಿದ್ದರಿಂದ ದೇಶದ ಕಾಗದ ಪತ್ರ ಎಲ್ಲ ಓದ್ತಿದ್ದೋನು. ಇವನು ಬಚ್ಚಿಟ್ಟಿದ್ದ ಕಾಗದಗಳ ಕಟ್ಟು ಇವನು ಸತ್ತು ಎಷ್ಟೋ ವರ್ಷದ ಮೇಲೆ ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಅಟ್ಟದ ಸುಳ್ಳು ಚಾವಣಿಯೊಳಗೆ ಸಿಕ್ತು, ಅದನ್ನ ಥಾಮಸ್ ಬರ್ಚ್ ಅನ್ನೋನು 1742ರಲ್ಲಿ ಏಳು ಸಂಪುಟ ಮಾಡಿ ಅಚ್ಚು ಹಾಕಿಸಿದ. ಅದೇ ಬರ್ಚ್, ನ್ಯಾಪ್ಟನ್ ಅನ್ನೋ ಪ್ರಕಾಶಕರಿಗೋಸ್ಕರ ಗ್ರೇಟ್ ಬ್ರಿಟನ್ನಿನ ಹೆಸರಾಂತರ ತಲೆಗಳ ದೊಡ್ಡ ಪುಸ್ತಕಕ್ಕೆ ಒಬ್ಬೊಬ್ಬರ ಜೀವನ ಚರಿತ್ರೆ ಬರೆದುಕೊಟ್ಟ, 1743ರಿಂದ 1751ರ ಮಧ್ಯ ಬಂದಿದ್ದು. ಚಿತ್ರಗಳನ್ನ ಬಹುಪಾಲು ಕೊರೆದೋನು ಆಮ್‌ಸ್ಟರ್‌ಡ್ಯಾಮ್‌ನ ಯಾಕೋಬಸ್ ಹೌಬ್ರಾಕನ್, ನನ್ ಥರ್ಲೋನೂ ಅವನ ಕೈಯದ್ದೇ. ಅಂಥ ಕೈ ನಾನು ನೋಡಿಲ್ಲ. ಒಂದೇ ಗೆರೆ ಕೆನ್ನೆ ಮೇಲೆ ಸಣ್ಣಗೆ ಶುರುವಾಗಿ ನೆರಳಿಗೆ ಬಂದ ತಕ್ಷಣ ದಪ್ಪ ಆಗಿ ಮತ್ತೆ ಸಣ್ಣಗಾಗಿ ಮಾಯ ಆಗತ್ತೆ, ಒಳ್ಳೇ ಗಾಯಕರ ಆಲಾಪದ ಹಾಗೆ ಎಲ್ಲೂ ಕತ್ತರಿಸಲ್ಲ.

ಇದು ಬಂದ ದಿನ ರಾತ್ರಿ ಊಟ ಆದ್ಮೇಲೆ ಟೇಬಲ್ ಒರೆಸಿ, ಲೈಟ್ ಬಗ್ಗಿಸ್ಕೊಂಡು ನೋಡ್ತಾ ಕೂತಿದ್ದೆ. ಥರ್ಲೋನ ಎದೆ ಮೇಲೆ, ಅಲಂಕಾರದ ಚೌಕಟ್ಟಿನ ಮೇಲೆ, ಕಂದು ಬಣ್ಣದ ಏನೋ ಮಸುಕು. ಮೊದಲು ತೇವ ತಗಲಿ ಕಲೆ ಕಟ್ಟಿದೆ ಅಂದ್ಕೊಂಡೆ, ಹಳೇ ಕಾಗದದಲ್ಲಿ ಅದು ಮಾಮೂಲು. ಆದ್ರೆ ಕಲೆ ಸಾಲು ಸಾಲಾಗಿತ್ತು. ಬಚ್ಚಲುಮನೆಗೆ ತಗೊಂಡು ಹೋಗಿ ಕನ್ನಡಿ ಮುಂದೆ ಹಿಡಿದೆ. ಅಕ್ಷರ! ಎದುರು ಪುಟದ ಮಸಿ ಇನ್ನೂರೈವತ್ತು ಮುನ್ನೂರು ವರ್ಷ ಇದಕ್ಕೆ ಒತ್ಕೊಂಡು ಒತ್ಕೊಂಡು ತಿರುಗುಮುರುಗಾಗಿ ಮೂಡಿಬಿಟ್ಟಿದೆ. ಕನ್ನಡೀಲಿ ಜಾನ್ ಥರ್ಲೋ ಅನ್ನೋ ಹೆಸರು ನೆಟ್ಟಗೆ ಓದೋಕೆ ಬಂತು, ಕೆಳಗೆ ಅವನು ಹುಟ್ಟಿದ್ದು ಬೆಳೆದಿದ್ದು ಹೇಳೋ ಸಾಲುಗಳ ನೆರಳು. ಎಡಗಡೆ ಅಂಚು ನೋಡಿದ್ರೆ ಬಟ್ಟೆ ಹರಿದ ಹಾಗೆ ಎಳೆ ಎಳೆ, ಹೊಲಿಗೆಯ ತೂತು ಎರಡು. ಅಂದ್ರೆ ಇದನ್ನ ಪುಸ್ತಕದಿಂದ ಕಿತ್ತಿದಾರೆ. ಚಿತ್ರ ನನ್ ಹತ್ರ ಬಂತು, ಆ ಎದುರು ಪುಟ ಎಲ್ಲಿ ಹೋಯ್ತೋ.

ಇದಾಗಿ ಒಂದು ತಿಂಗಳಿಗೆ ಇನ್ನೊಂದು ಏಟು. ಇಂಥ ತಲೆಗಳ ವಿಷಯದಲ್ಲಿ ಆ ಕಾಲಕ್ಕೆ ಹೊರೇಸ್ ವಾಲ್‌ಪೋಲ್‌ಗಿಂತ ಗಟ್ಟಿ ಆಸಾಮಿ ಇರ್ಲಿಲ್ಲ. ಅವನು ಎನ್‌ಗ್ರೇವರ್‌ಗಳ ಬಗ್ಗೆ ಬರೆದಿರೋದ್ರಲ್ಲಿ ಹೌಬ್ರಾಕನ್‌ಗೆ ಇಂಗ್ಲೆಂಡಿನ ಚರಿತ್ರೆ ಗೊತ್ತಿರ್ಲಿಲ್ಲ, ಕಳಿಸಿಕೊಟ್ಟ ಡ್ರಾಯಿಂಗ್ ಯಾರದ್ದು ಎತ್ತ ಅಂತ ವಿಚಾರಿಸ್ತಿರ್ಲಿಲ್ಲ, ಕಳಿಸಿದ್ದನ್ನ ಕೊರೆದುಬಿಡ್ತಿದ್ದ ಅಂತ ಹೇಳಿ ಎರಡು ಉದಾಹರಣೆ ಕೊಡ್ತಾನೆ. ಒಂದು ಸಾಮರ್ಸೆಟ್‌ನ ಅರ್ಲ್ ಕಾರ್. ಇನ್ನೊಂದು ಥರ್ಲೋ. ಆ ಮುಖ ಅವನದ್ದಲ್ಲವೇ ಅಲ್ಲ, ಹೋಲಿಕೆ ಕೂಡ ಇಲ್ಲ ಅಂತ.

ಅವತ್ತು ಸಂಜೆ ಆಫೀಸಿಂದ ಬಂದು ಶೂ ಬಿಚ್ಚದೆ ಗೋಡೆ ಮುಂದೆ ನಿಂತಿದ್ದೆ. ದೇಶದ ಗುಟ್ಟನ್ನೆಲ್ಲ ಕಾಪಾಡಿದೋನ ಹೆಸರಲ್ಲಿ ಯಾರೋ ಒಬ್ಬ ಅನಾಮಿಕ ನನ್ನನ್ನ ನೋಡ್ತಿದಾನೆ. ಅವನ ಕಾಗದಗಳನ್ನೆಲ್ಲ ಓದಿ ಏಳು ಸಂಪುಟ ಮಾಡಿದ ಬರ್ಚ್‌ನ ಬರಹದ ಎದುರಿಗೇ ಬೇರೆಯವನ ಮುಖ ಕೂತಿದೆ. ಗೂಢಚಾರನಿಗೆ ಇದಕ್ಕಿಂತ ಒಳ್ಳೇ ವೇಷ ಬೇಕಾ! ಮೊದಲು ಸಿಟ್ಟು ಬಂದಿದ್ದು ನಿಜ, ಕೊಟ್ಟ ದುಡ್ಡು ನೆನೆಸ್ಕೊಂಡು. ಆಮೇಲೆ ಯಾಕೋ ಆ ಅನಾಮಿಕನ ಮೇಲೇ ಪ್ರೀತಿ ಬಂತು. ಯಾರದ್ದೋ ಗಂಡ, ಯಾರದ್ದೋ ಅಪ್ಪ ಇರ್ಬೇಕು, ಒಳ್ಳೇ ಕಸೂತಿ ಕಾಲರ್ ಹಾಕ್ಕೊಂಡು ದುಡ್ಡು ಕೊಟ್ಟು ಚಿತ್ರ ಬರೆಸ್ಕೊಂಡಿದಾನೆ, ಹೆಸರು ಮಾತ್ರ ಕಳ್ಕೊಂಡ. ಅಮ್ಮನ ಪ್ರಶ್ನೆ ಇವನಿಗೆ ಅನ್ವಯಿಸಿದ್ರೆ, ಇವನು ಥರ್ಲೋಗೇ ಏನೂ ಆಗ್ಬೇಕಿಲ್ಲ, ನಂಗೇನಾಗ್ತಾನೆ.

ಪುಸ್ತಕ ಹರಿಯೋ ಪಾಪ

ಈ ಕಿತ್ತು ಕೂಡಿಸೋ ಚಟಕ್ಕೆ ಇಂಗ್ಲಿಷಲ್ಲಿ ಒಬ್ಬ ಪಾದ್ರಿಯ ಹೆಸರೇ ಅಂಟ್ಕೊಂಡಿದೆ, ಗ್ರೇಂಜರೈಸ್ ಮಾಡೋದು ಅಂತಾರೆ. ಜೇಮ್ಸ್ ಗ್ರೇಂಜರ್, ಶಿಪ್‌ಲೇಕ್ ಊರಿನ ವಿಕಾರ್. ಆ ಊರು ರೆಡಿಂಗ್‌ನಿಂದ ಥೇಮ್ಸ್ ದಂಡೇಲಿ ಸಾನಿಂಗ್ ಸೇತುವೆ ದಾಟಿ ನಡ್ಕೊಂಡೇ ಹೋಗ್ಬಹುದು ಅನ್ನೋದು ಗೊತ್ತಾದಾಗ ನಂಗೆ ಮೈ ಜುಂ ಅಂತು, ಇಷ್ಟು ವರ್ಷ ಹಿತ್ತಲಲ್ಲೇ ಇಟ್ಕೊಂಡು ಗೊತ್ತಿರ್ಲಿಲ್ಲ. ಅಮ್ಮನನ್ನ ಕಾರಲ್ಲೇ ಕರ್ಕೊಂಡು ಹೋದೆ. ದಿಬ್ಬದ ಮೇಲೆ ಚರ್ಚು, ಕೆಳಗೆ ನದಿ. ಕವಿ ಟೆನಿಸನ್ 1850ರಲ್ಲಿ ಮದುವೆ ಆಗಿದ್ದು ಇದೇ ಚರ್ಚಲ್ಲಿ, ಹಾಗಾಗಿ ಊರಿನೋರು ಅವನ ಹೆಸರು ಹೇಳ್ತಾರೆ. ಗ್ರೇಂಜರ್‌ಗೋಸ್ಕರ ಬಂದೋರು ನಾವಿಬ್ಬರೇ ಇರ್ಬೇಕು, ಅದ್ರಲ್ಲೂ ಒಬ್ಬಳು ಮೊಮ್ಮಗಳಿಗೆ ಸ್ವೆಟರ್ ಹೆಣೀತಾ ಇದ್ಲು.

ಬೆಂಚ್ ಮೇಲೆ ಕೂತು ಕತೆ ಹೇಳಿದೆ. ಈ ಪಾದ್ರಿ 14,000ಕ್ಕೂ ಹೆಚ್ಚು ತಲೆ ಕೂಡಿಸಿದ್ದ. 1769ರಲ್ಲಿ ಇಂಗ್ಲೆಂಡಿನ ಚರಿತ್ರೆಯನ್ನ ವ್ಯಕ್ತಿಗಳ ಲೆಕ್ಕದಲ್ಲಿ ಬರೆದು, ಯಾರ್ಯಾರ ಯಾವ್ಯಾವ ಪ್ರಿಂಟ್ ಇದೆ ಅಂತ ಪಟ್ಟಿ ಕೊಟ್ಟ. ಪುಸ್ತಕದಲ್ಲಿ ಚಿತ್ರ ಇರ್ಲಿಲ್ಲ, ಬರೀ ಪಟ್ಟಿ. ಅದೇ ಎಡವಟ್ಟಾಗಿದ್ದು. ಓದಿದ ಶ್ರೀಮಂತರಿಗೆಲ್ಲ ಪಟ್ಟೀಲಿರೋ ಚಿತ್ರ ತಂದು ಪುಸ್ತಕದೊಳಗೆ ಅಂಟಿಸ್ಬೇಕು ಅಂತ ಆಸೆ ಹುಟ್ಟಿ, ಊರಲ್ಲಿದ್ದ ಹಳೇ ಪುಸ್ತಕಗಳ ಮುಖಪುಟದ ಚಿತ್ರ ಎಲ್ಲ ಕತ್ತರಿಗೆ ಬಲಿ ಆದ್ವು. ಮರು ವರ್ಷವೇ ವಾಲ್‌ಪೋಲ್ ಒಂದು ಕಾಗದದಲ್ಲಿ ಗೊಣಗ್ತಾನೆ, ಮೂವತ್ತು ವರ್ಷದಿಂದ ಕೂಡಿಸ್ತಿದೀನಿ, ಒಂದೆರಡು ಶಿಲ್ಲಿಂಗ್‌ಗೆ ಸಿಗ್ತಿದ್ದ ಮೆಜೊಟಿಂಟ್ ಈಗ ಅರ್ಧ ಗಿನಿ ಒಂದು ಗಿನಿ (ಗಿನಿ ಅಂದ್ರೆ 21 ಶಿಲ್ಲಿಂಗ್) ಆಗ್ಬಿಟ್ಟಿದೆ ಅಂತ. (ಗ್ರೇಂಜರ್ ಆ ಪುಸ್ತಕ ಅರ್ಪಣೆ ಮಾಡಿದ್ದು ಇದೇ ವಾಲ್‌ಪೋಲ್‌ಗೆ, ಯಾರಿಗೆ ಹೇಳೋದು.) ಶೇಕ್ಸ್‌ಪಿಯರ್‌ನ ನಾಟಕಗಳ ಮೊದಲ ಸಂಗ್ರಹ, ಫಸ್ಟ್ ಫೋಲಿಯೋ ಅಂತಾರಲ್ಲ, ಅದ್ರಲ್ಲಿ ಅವನ ಚಿತ್ರದ ಎದುರಿಗೇ ಬೆನ್ ಜಾನ್ಸನ್ 1623ರಲ್ಲೇ ಬರೆದಿದ್ದ, ನೋಡ್ಬೇಕಾದ್ದು ಚಿತ್ರ ಅಲ್ಲ ಪುಸ್ತಕ ಅಂತ. ಜನ ಉಲ್ಟಾ ಮಾಡಿದ್ರು.

ಅಮ್ಮನ ಸೂಜಿ ನಿಂತ್ಹೋಯ್ತು. "ಪುಸ್ತಕ ಹರಿಯೋದಾ?" ಅಂದ್ಲು. ನೋಟ್ ಬುಕ್ಕಿಗೆ ಕಾಲು ತಾಗಿದ್ರೆ ಎರಡೂ ಕಣ್ಣಿಗೆ ಒತ್ತಿಸಿ ಬೆಳೆಸಿದೋಳು. "ನೀನು ತಂದಿರೋದೂ ಹಾಗೆ ಹರಿದಿದ್ದೇನಾ?" ಕೆಲವು ಅಂದೆ. ನಾನು ಹರಿದಿಲ್ಲ, ಯಾರೋ ಯಾವತ್ತೋ ಹರಿದಿದ್ದು ಅಂತ ಲಾಯರ್ ಥರ ಸೇರಿಸಿದೆ. ಆದ್ರೆ ಇದು ನಿಜ ಹೇಳ್ಬೇಕು ಅಂದ್ರೆ ಪೂರ್ತಿ ವಾದ ಅಲ್ಲ. ನಾನು ಕೊಳ್ತೀನಿ ಅಂತ ಗೊತ್ತಿರೋದ್ರಿಂದಲೇ ಇವತ್ತಿಗೂ ಹರೀತಾರೆ, ಬೆನ್ನು ಮುರಿದ ಪುಸ್ತಕ ಇಡಿಯಾಗಿ ಮಾರೋದಕ್ಕಿಂತ ಚಿತ್ರ ಒಂದೊಂದೇ ಮಾರಿದ್ರೆ ಲಾಭ. ಅವತ್ತಿಂದ ಹೊಲಿಗೆ ತೂತಿರೋ ಹಾಳೆ ಕಂಡ್ರೆ ಕೈ ಹಿಂದಕ್ಕೆ ಬರತ್ತೆ. ಒಂಟಿ ಹಾಳೆಯಾಗೇ ಅಂಗಡೀಲಿ ಮಾರಿದ್ದ ಪ್ರಿಂಟ್‌ಗಳು ಬೇಕಾದಷ್ಟಿವೆ. ಆದ್ರೂ ಥರ್ಲೋನ ತೆಗೆದು ಹಾಕೋಕೆ ಮನಸಾಗಿಲ್ಲ. ಕಾರ್ನ್‌ವಾಲಿಸ್ ಮೊದಲಿಂದಲೂ ಡ್ರಾಯರ್‌ನಲ್ಲೇ ಇರೋದು, ಅವನಿಗೆ ಗೋಡೆ ಕೊಡಲ್ಲ. ಆಫೀಸಿನ ಗೆಳೆಯನೊಬ್ಬ, ಅವನೂ ಕನ್ನಡದೋನೇ, ನಮ್ಮನ್ನ ದೋಚಿದೋರ ಮುಖಕ್ಕೆ ದುಡ್ಡು ಕೊಡ್ತೀಯಲ್ಲೋ ಅಂತ ರೇಗಿಸ್ತಾನೆ. ಹೊಡೆದೋನ ಮುಖ ಗುರುತಿಟ್ಕೊಂಡಿರ್ಬೇಕು ಕಣೋ ಅಂತ ನಾನೂ ಒಂದು ಡೈಲಾಗ್ ಹೊಡೀತೀನಿ, ಇಬ್ಬರೂ ನಂಬಲ್ಲ.

ವಾಪಸ್ ಬರ್ತಾ ಕಾರಲ್ಲಿ ಗ್ರೇಂಜರ್‌ನ ವರ್ಗೀಕರಣ ಹೇಳಿದೆ. ಎಲ್ಲ ಮನುಷ್ಯರನ್ನೂ ಹನ್ನೆರಡು ಕ್ಲಾಸ್ ಮಾಡಿದ್ದ, ಮೊದಲನೇದು ರಾಜರಾಣಿಯರು, ಹೀಗೇ ಇಳೀತಾ ಇಳೀತಾ ಹನ್ನೊಂದನೇದು ಹೆಂಗಸರು. "ಹನ್ನೆರಡನೇದು?" ಅಂದ್ಲು ಅಮ್ಮ. ಕಡು ಬಡವರು, ಕಳ್ಳರು, ವಿಚಿತ್ರ ಮೈಕಟ್ಟಿನವರು, ತುಂಬಾ ವರ್ಷ ಬದುಕಿದೋರು. "ಸದ್ಯ, ಕಳ್ಳರಿಗಿಂತ ಒಂದು ಮೆಟ್ಟಿಲು ಮೇಲಿಟ್ಟ" ಅಂದ್ಲು.

ನನ್ನ ಗೋಡೇಲಿ ಹನ್ನೆರಡನೇ ಕ್ಲಾಸಿನೋನು ಒಬ್ಬನೇ ಇದ್ದ, ಥಾಮಸ್ ಪಾರ್. ಓಲ್ಡ್ ಪಾರ್ ಅಂತ ವಿಸ್ಕಿ ಇದೆಯಲ್ಲ, ಅದೇ ಮುದುಕ. 12 ಪೌಂಡಿನ ಸಾಧಾರಣ ಪ್ರಿಂಟು, ಮೂಲ ಅಲ್ಲ, ಯಾರದ್ದೋ ನೋಡಿ ಇನ್ಯಾರೋ ಕೊರೆದಿದ್ದು. ಉದ್ದ ಗಡ್ಡ, ಬಾಡಿದ ಕಣ್ಣು. ಅಮ್ಮನಿಗೆ ಆರು ಜನದಲ್ಲಿ ಇವನೊಬ್ಬನೇ ಇಷ್ಟ ಆಗಿದ್ದು, ಕೊನೇ ದಿನಗಳಲ್ಲಿ ನಮ್ಮ ತಾತ ಹಾಸಿಗೆ ಮೇಲೆ ದಿಂಬಿಗೊರಗಿ ಕೂರ್ತಿದ್ದ ಹಾಗೇ ಇದಾನೆ ಅಂತಿದ್ಲು. ಶಿಪ್‌ಲೇಕ್‌ನಿಂದ ಬಂದ ದಿನ ರಾತ್ರಿ ಚಪಾತಿ ಲಟ್ಟಿಸ್ತಾ ಇವನ ಕತೆ ಕೇಳಿದ್ಲು. ಶ್ರಾಪ್‌ಶೈರ್‌ನ ಹಳ್ಳಿಯೋನು, 152 ವರ್ಷ ಬದುಕಿದ್ದ ಅಂತ ಹೇಳ್ಕೊಂಡಿದ್ದ, ಎಂಬತ್ತನೇ ವಯಸ್ಸಲ್ಲಿ ಮೊದಲ ಮದುವೆ, ನೂರು ದಾಟಿದ್ಮೇಲೆ ಪರಸ್ತ್ರೀ ಸಹವಾಸ ಮಾಡಿ ಚರ್ಚಲ್ಲಿ ಬಿಳಿ ಬಟ್ಟೆ ಹೊದ್ದು ಪ್ರಾಯಶ್ಚಿತ್ತಕ್ಕೆ ನಿಂತಿದ್ದನಂತೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು, ನಂಗಂತೂ ಇಲ್ಲ. 1635ರಲ್ಲಿ ಅರಂಡೆಲ್‌ನ ಅರ್ಲ್ ಇವನನ್ನ ಕಂಡು, ಪಲ್ಲಕ್ಕೀಲಿ ಹೊರಿಸ್ಕೊಂಡು ಲಂಡನ್‌ಗೆ ಕರ್ಕೊಂಡು ಬಂದು ರಾಜ ಚಾರ್ಲ್ಸ್‌ಗೆ ತೋರಿಸಿದ. ಅದೇ ಚಾರ್ಲ್ಸ್, ಕುದುರೆ ಮೇಲೆ ತಲೆ ಬದಲಾಯಿಸ್ಕೊಂಡೋನು.

"ಆಮೇಲೆ?" ಅಂದ್ಲು ಅಮ್ಮ.

ಆಮೇಲೆ ಕೆಲವೇ ವಾರದಲ್ಲಿ ಸತ್ತ. ರಕ್ತ ಮೈಯಲ್ಲಿ ಹೇಗೆ ಸುತ್ತತ್ತೆ ಅಂತ ಕಂಡುಹಿಡಿದ ವಿಲಿಯಂ ಹಾರ್ವಿಯೇ ಅವನ ಹೆಣ ಕೊಯ್ದು ನೋಡಿದ, ಒಳಗಿನ ಅಂಗ ಎಲ್ಲ ಗಟ್ಟಿಮುಟ್ಟಾಗೇ ಇದ್ವಂತೆ. ಹಳ್ಳೀಲಿ ಹಾಲು, ಒರಟು ರೊಟ್ಟಿ, ಹಳೇ ಚೀಸು ತಿಂದ್ಕೊಂಡು ಇದ್ದೋನು, ಇಲ್ಲಿ ಬಂದು ಶ್ರೀಮಂತರ ಮನೆ ಊಟ, ಲಂಡನ್ನಿನ ಹೊಗೆ ಗಾಳಿ ತಡೀಲಿಲ್ಲ ಅಂತ ಬರೆದ ಹಾರ್ವಿ. ವೆಸ್ಟ್‌ಮಿನ್‌ಸ್ಟರ್ ಅಬ್ಬೇಲಿ ಹೂಳಿದಾರೆ, ನಾಳೆ ಬೇಕಿದ್ರೆ ಹೋಗಿ ನೋಡ್ಬಹುದು.

ಅಮ್ಮ ಲಟ್ಟಣಿಗೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸ್ಕೊಂಡು, ಅಡುಗೆಮನೆ ಬಾಗಿಲಿಂದಲೇ ಬಗ್ಗಿ ಹಾಲ್‌ನ ಗೋಡೆ ಕಡೆ ಒಂದ್ಸಲ ನೋಡಿದ್ಲು.

"ನಂಗೆ ವಾಪಸ್ ಟಿಕೆಟ್ ಯಾವತ್ತಿಗೆ ಮಾಡಿದೀಯ?" ಅಂದ್ಲು.